ಭುಜ ಹನ್ನೆರಡಂತೆ

ಮೇ ೪, ಭಾನುವಾರ

ಬಂದು ತಲುಪಿದೆವು. ಏಳು ಗಂಟೆಗಳ ದಾರಿಯುದ್ದಕ್ಕೂ ಸಾಸಿವೆ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡೇ ಕುಳಿತಿದ್ದಳು.

ಡಾಕ್ಟರು ಕೊಟ್ಟ ನೋಟ್‌ಬುಕ್ ಬೇರೆ ಇದೆ. ಮಗಳು ದಿನಕ್ಕೆ ಯಾರ ಜೊತೆ ಎಷ್ಟು ಮಾತಾಡಿದಳು ಎಂದು ಅದರಲ್ಲಿ ಬರೆಯಬೇಕು. ಇವತ್ತಿನದು ಬರೆದಾಯಿತು. ನನ್ನ ಜೊತೆ, ಕಿವಿಯಲ್ಲಿ, ಧಾರಾಳ. ಉಳಿದವರ ಜೊತೆ, ಸೊನ್ನೆ. ಈ ಪುಸ್ತಕ ನನ್ನದು. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ನಲವತ್ತೆರಡನೆಯ ವಯಸ್ಸಿನಲ್ಲಿ ಹೆತ್ತೆ. ಹುಟ್ಟಿದಾಗ ಅಂಗೈಯಗಲ ಇದ್ದಳೆಂದು ಅವಳಪ್ಪ ಸಾಸಿವೆ ಎಂದು ಕರೆದರು, ಅದೇ ಉಳಿಯಿತು. ಈಗ ಐದೂವರೆ ವರ್ಷ. ಮನೆಯೊಳಗೆ ನನ್ನ ಜೊತೆ ಮಾತಿನ ಮಲ್ಲಿ. ಬಾಗಿಲು ದಾಟಿದರೆ ಕಲ್ಲು. ಅಪ್ಪನ ಜೊತೆಗೂ ಅಷ್ಟಕ್ಕಷ್ಟೆ. ಶಾಲೆಯಲ್ಲಿ ಇಡೀ ವರ್ಷ ಒಂದೇ ಒಂದು ಮಾತಾಡಿಲ್ಲ. ‘ರಜ ಮುಗಿದ ಮೇಲೂ ಹೀಗೇ ಇದ್ರೆ ಮುಂದಿನ ಕ್ಲಾಸಿಗೆ ಹಾಕೋಕಾಗಲ್ಲ ಮೇಡಂ, ಬೇರೆ ಥರದ ಶಾಲೆ ನೋಡ್ಕೊಳ್ಳಿ’ ಎಂದರು ಹೆಡ್‌ಮಿಸ್. ಬೇರೆ ಥರದ ಎನ್ನುವಾಗ ದನಿ ತಗ್ಗಿಸಿದರು. ಒತ್ತಾಯ ಮಾಡಬೇಡಿ, ಜಾಗ ಬದಲಾಯಿಸಿ ನೋಡಿ ಎಂದರು ಡಾಕ್ಟರು. ಅದಕ್ಕೇ ತವರೂರು. ಮೂರು ವಾರ.

ತಂಗಿ ಅಂಗಡಿಯ ಬಾಗಿಲಲ್ಲೇ ಕಾದಿದ್ದಳು. ಕೆಳಗೆ ಅಪ್ಪನ ಟೈಲರಿಂಗ್ ಅಂಗಡಿ, ಮೇಲೆ ಮನೆ. ಅಪ್ಪ ಹೋದ ಮೇಲೆ ಎರಡೂ ಅವಳವೇ. ಮದುವೆಯ ಗೋಜಿಗೆ ಹೋಗಲಿಲ್ಲ. ಕೇಳಿದವರಿಗೆ ‘ಅಳತೆಗೆ ಸರಿಯಾದೋನು ಸಿಗ್ಲಿಲ್ಲ’ ಎನ್ನುತ್ತಾಳೆ.

‘ಇವಳೇನಾ ಸಾಸಿವೆ? ಎಲ್ಲಿ, ಒಂದ್ಸಲ ಸಿಡಿ ನೋಡೋಣ!’

ಸಾಸಿವೆ ನನ್ನ ಸೆರಗಿನ ಹಿಂದೆ ಸೇರಿಕೊಂಡಳು.

‘ಅವಳಿಗೆ ನಿದ್ದೆ ಬಂದಿದೆಯಂತೆ’ ಎಂದೆ.

‘ಹೇಳಿದ್ಲಾ? ನಂಗೆ ಕೇಳ್ಸಲೇ ಇಲ್ಲ.’

ತಂಗಿಗೆ ನಲವತ್ತಾರು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಬಣ್ಣ ಹಾಕುವುದಿಲ್ಲವಂತೆ. ಅದನ್ನು ನಾನು ಕೇಳಿರಲಿಲ್ಲ, ಅವಳಾಗಿ ಹೇಳಿದಳು.


ಮೇ ೫, ಸೋಮವಾರ

ಸೋಪು ತರಲು ಎದುರಿನ ಅಂಗಡಿಗೆ ಹೋದೆ. ಒಂದು ಸೋಪಿಗೆ ನಾಲ್ಕು ಪ್ರಶ್ನೆ. ಯಾವಾಗ ಬಂದ್ರಿ, ಎಷ್ಟು ದಿನ ಇರ್ತೀರಿ, ಯಜಮಾನ್ರು ಬರ್ಲಿಲ್ವಾ, ಒಬ್ಳೇ ಮಗಳಾ. ಆಮೇಲೆ ಅಂಗಡಿಯವರು ಕೌಂಟರಿನ ಮೇಲೆ ಬಗ್ಗಿ ಸಾಸಿವೆಗೆ, ‘ಏನಮ್ಮಾ, ಬಾಯಿ ಬಿಟ್ರೆ ಮುತ್ತು ಉದುರಿಹೋಗುತ್ತಾ?’

ಅವಳ ಕೈ ನನ್ನ ಕೈಯೊಳಗೆ ಮುಷ್ಟಿಯಾಯಿತು. ಸೋಪಿನ ವಾಸನೆ ನೋಡದೆ ಬಂದುಬಿಟ್ಟೆ.

ನಮ್ಮೂರಿನಲ್ಲಾದರೆ ಹೀಗಿಲ್ಲ. ಬೇಕಾದ್ದು ಫೋನಿನಲ್ಲಿ ಒತ್ತಿದರೆ ಬಾಗಿಲಲ್ಲಿ ಬಂದು ಕೂರುತ್ತದೆ. ಲಿಫ್ಟಿನಲ್ಲಿ ಎಲ್ಲರೂ ಅಂಕಿಗಳನ್ನು ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡುವುದಿಲ್ಲ. ಆಫೀಸಿನಲ್ಲೂ ಅಷ್ಟೆ, ಪಠ್ಯಪುಸ್ತಕಗಳ ತಪ್ಪು ತಿದ್ದುವ ನಾವು ಆರು ಜನ ಇಡೀ ದಿನ ತಲೆಯೆತ್ತದೆ ಕೂರುತ್ತೇವೆ. ವಾರಗಟ್ಟಲೆ ದನಿಯೆತ್ತದೆ ಬದುಕಬಹುದಾದ ಊರು ಅದು. ಅಂಥ ಕಡೆ ಮಾತಾಡದ ಮಗು ಯಾರಿಗೂ ಭಾರವಲ್ಲ. ಇಲ್ಲಿ ನೋಡಿದರೆ ಮಾತು ಮೈಮೇಲೆ ಬಂದು ಬೀಳುತ್ತದೆ.

ತಂಗಿ ಕೇಳಿದಳು: ‘ಹನ್ನೊಂದನೇ ಮಹಡಿ ಅಂದ್ರೆ ಬೀದೀಲಿ ಹೋಗೋರನ್ನ ಹೇಗೆ ಕರೀತೀಯ ಅಕ್ಕಾ?’

‘ಯಾಕೆ ಕರೀಬೇಕು?’

ಅವಳು ನಕ್ಕಳು. ನಾನೇನೂ ತಮಾಷೆ ಮಾಡಿರಲಿಲ್ಲ.


ಮೇ ೭, ಬುಧವಾರ

ಶಾಲೆಗಳು ತೆರೆಯುವ ಮುಂಚಿನ ಕಾಲ. ಅಂಗಡಿಯ ತುಂಬ ಯೂನಿಫಾರ್ಮಿನ ನೀಲಿ ಬಟ್ಟೆಯ ಥಾನುಗಳು. ಅಳತೆ ಬರೆದುಕೊಳ್ಳುತ್ತಿದ್ದ ಹೆಂಗಸು ಹೆರಿಗೆಗೆ ಹೋಗಿದ್ದಾಳೆ. ಹಾಗಾಗಿ ಆ ಕೆಲಸ ಕಾಜಾ ಅಜ್ಜಿಯ ಪಾಲಿಗೆ. ಅಪ್ಪನ ಕಾಲದಿಂದಲೂ ಈ ಅಂಗಡಿಯ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹೊಲಿಯುವವಳು ಈಕೆ. ಕಣ್ಣು ಇನ್ನೂ ಚುರುಕು. ಸೂಜಿಗೆ ದಾರ ಒಂದೇ ಏಟಿಗೆ ಪೋಣಿಸುತ್ತಾಳೆ. ಕಿವಿ ಮಾತ್ರ ಮುಕ್ಕಾಲು ಹೋಗಿದೆ.

ತಂಗಿಯದೋ, ಅಳತೆ ತೆಗೆಯುವಾಗ ತುಟಿಗಳ ನಡುವೆ ಆರೇಳು ಗುಂಡುಪಿನ್ನು. ಅಪ್ಪನಿಂದ ಬಂದ ಚಾಳಿ. ಹಾಗಾಗಿ ‘ಮೂವತ್ತೆರಡು’ ಎಂದರೆ ‘ಊಅತ್ತೆಅಡು’ ಎಂದು ಬರುತ್ತದೆ. ಅಜ್ಜಿ ಪೆನ್ಸಿಲ್ ಹಿಡಿದು, ‘ಹಾಂ? ಎಷ್ಟು? ಹಾಂ?’ ಇದು ದಿನವಿಡೀ. ಗಿರಾಕಿಗಳು ನಗುತ್ತಾರೆ.

ಹಿಂದೆ ಅಪ್ಪ ಅಳತೆ ತೆಗೆಯುವಾಗ ಕೂಗಿ ಹೇಳಲು ಕರೆಯುತ್ತಿದ್ದದ್ದು ತಂಗಿಯನ್ನೇ. ‘ದೊಡ್ಡೋಳ ದನಿ ಅವಳಿಗೇ ಕೇಳಲ್ಲ’ ಎನ್ನುತ್ತಿದ್ದರು. ನಾನು ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ. ಎಂ.ಎ.ವರೆಗೂ ಓದಿದೆ. ಕೆಳಗಿನಿಂದ ಅವರಿಬ್ಬರ ನಗು ಏಣಿಮೆಟ್ಟಿಲು ಹತ್ತಿ ಬರುತ್ತಿತ್ತು.

ಸಾಸಿವೆ ಕತ್ತರಿಸುವ ಮೇಜಿನ ಕೆಳಗೆ ಜಾಗ ಹುಡುಕಿಕೊಂಡಿದ್ದಾಳೆ. ಬಟ್ಟೆಯ ಚೂರುಗಳನ್ನು ನೀಲಿ, ಕಡುನೀಲಿ ಎಂದು ಬೇರೆ ಮಾಡುತ್ತಾಳೆ. ನನ್ನನ್ನು ಕರೆಯಲಿಲ್ಲ.


ಮೇ ೯, ಶುಕ್ರವಾರ

ಸಾಸಿವೆ ಮಾತಾಡಿದಳು.

ನಾನಿರಲಿಲ್ಲ. ಮೇಲೆ ಕವಿತೆ ಓದುತ್ತಿದ್ದೆ.

ತಂಗಿ ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ. ಯಾರದೋ ಹುಡುಗನಿಗೆ ಅಂಗಿಯ ಅಳತೆ. ತಂಗಿ ಪಿನ್ನುಗಳ ನಡುವಿನಿಂದ ಭುಜ ಹನ್ನೆರಡು ಎಂದಿದ್ದಾಳೆ. ‘ಇಪ್ಪತ್ತೆರಡಾ? ಹುಡುಗನಿಗೆ ಹೊಲೀತಿದ್ದೀಯೋ, ಕೋಣನಿಗೋ?’ ಎಂದು ಅಜ್ಜಿ. ತಂಗಿ ಮತ್ತೆ ಹೇಳಿದ್ದಾಳೆ. ಅಜ್ಜಿ ಮತ್ತೆ, ‘ಹಾಂ?’ ಆಗ ಮೇಜಿನ ಕೆಳಗಿನಿಂದ, ಗಟ್ಟಿಯಾಗಿ:

‘ಭುಜ ಹನ್ನೆರಡಂತೆ!’

‘ನೀನೇನು ಮಾಡಿದೆ?’ ಎಂದು ಕೇಳಿದೆ.

‘ಏನು ಮಾಡೋದು? ತೋಳು ಅಳೆದೆ. ಹದಿನೈದು ಅಂದೆ. ಅವಳು ಹದಿನೈದಂತೆ ಅಂದ್ಲು. ಅಜ್ಜಿ ಬರ್ಕೊಂಡ್ರು.’

‘ಅಷ್ಟೇನಾ? ತಿರುಗಿ ನೋಡಲೂ ಇಲ್ವಾ? ಎತ್ತಿಕೊಳ್ಳಲೂ ಇಲ್ವಾ?’

‘ಕೈಲಿ ಟೇಪಿತ್ತಲ್ಲೇ.’

ಮಧ್ಯಾಹ್ನ ಮೆಟ್ಟಿಲ ಮೇಲೆ ನಿಂತು ಕಳ್ಳಿಯ ಹಾಗೆ ಕೇಳಿಸಿಕೊಂಡೆ. ಸೊಂಟ ಇಪ್ಪತ್ತೆರಡಂತೆ. ಉದ್ದ ಇಪ್ಪತ್ತಂತೆ. ಬಾಗಿಲಾಚೆಯ ಲೋಕಕ್ಕೆ ನನ್ನ ಮಗಳ ದನಿ ಹೇಗಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸ್ವಲ್ಪ ಒರಟು.

ನಾಲ್ಕು ವರ್ಷ ಅವಳ ಮಾತೆಲ್ಲ ನನ್ನ ಕಿವಿಗೇ ಬೀಳುತ್ತಿತ್ತು. ಡಾಕ್ಟರ ಮುಂದೆ ಕಣ್ಣೊರೆಸಿಕೊಂಡಿದ್ದೇನೆ, ನಿಜ. ಆದರೆ ರಾತ್ರಿ ಅವಳು ಕಿವಿಗೆ ಬಾಯಿಟ್ಟಾಗ ಇಡೀ ಊರಿನಲ್ಲಿ ಈ ಸಂಪತ್ತು ನನ್ನೊಬ್ಬಳದು ಎಂದು ಅನ್ನಿಸುತ್ತಿದ್ದದ್ದೂ ನಿಜ.

ಸಂತೋಷವಾಗಿದೆ. ತುಂಬ ಸಂತೋಷವಾಗಿದೆ. ಡಾಕ್ಟರ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದೆ.


ಮೇ ೧೧, ಭಾನುವಾರ

ಈ ‘ಅಂತೆ’ ಎಂಬುದರ ಬಗ್ಗೆ ಯೋಚಿಸುತ್ತಿದ್ದೇನೆ. ಎರಡಕ್ಷರ. ಬಾಲದ ಹಾಗೆ ಮಾತಿಗೆ ಅಂಟಿಕೊಂಡರೆ ಸಾಕು, ಆಡಿದವರ ಹೊಣೆ ಕಳಚುತ್ತದೆ. ನಾನಲ್ಲ ಹೇಳಿದ್ದು, ಅವರು. ನಾನು ಬರೀ ತಂದು ಮುಟ್ಟಿಸಿದೆ. ಮಗು ಅದನ್ನು ಕೊಡೆಯಂತೆ ಹಿಡಿದುಕೊಂಡು ಹೊರಗೆ ಬಂದಿದೆ. ವ್ಯಾಕರಣದಲ್ಲಿ ನಾನು ಇದನ್ನು ಓದಿದ್ದೇನೆ, ನೂರು ಕರಡುಗಳಲ್ಲಿ ತಿದ್ದಿದ್ದೇನೆ. ಆದರೆ ಮಗುವಿನ ಬಾಯಿಗೆ ಅದನ್ನು ಕೊಟ್ಟವಳು ಪಿಯುಸಿ ಫೇಲಾದ ತಂಗಿ. ಅದೂ ಬಾಯಿ ತುಂಬ ಪಿನ್ನಿಟ್ಟುಕೊಂಡು.

ಅವಳಪ್ಪನಿಗೆ ಫೋನಿನಲ್ಲಿ ಹೇಳಿದೆ. ‘ನಿನ್ನ ತಂಗಿಗೆ ನನ್ನ ಥ್ಯಾಂಕ್ಸ್ ಹೇಳು’ ಎಂದರು. ಹೇಳಲು ಮರೆತೆ.


ಮೇ ೧೨, ಸೋಮವಾರ

ಇವತ್ತು ನಾನೂ ಅಂಗಡಿಗೆ ಇಳಿದೆ. ತಂಗಿ ಬಟ್ಟೆ ಕತ್ತರಿಸುತ್ತಿದ್ದಳು. ಅಳತೆ ನಾನು ತೆಗೆಯುತ್ತೇನೆ, ನೀನು ನಿನ್ನ ಕೆಲಸ ನೋಡು ಎಂದೆ. ಟೇಪು ಹಿಡಿಯುವುದು ಮರೆತಿರಲಿಲ್ಲ. ಭುಜ ಅಳೆದು ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಕೇಳುವಂತೆ ‘ಹದಿಮೂರೂವರೆ’ ಎಂದೆ. ಸಾಸಿವೆಯ ಕಡೆ ನೋಡಿದೆ.

ಸುಮ್ಮನಿದ್ದಳು.

‘ಹೇಳು ಮರಿ. ಹದಿಮೂರೂವರೆ.’

ಹತ್ತಿರ ಬಂದು ನನ್ನ ಸೆರಗು ಜಗ್ಗಿ, ಕಿವಿಯಲ್ಲಿ ಪಿಸುಗುಟ್ಟಿದಳು: ‘ನಿಂದು ಕೇಳ್ಸುತ್ತಲ್ಲ ಅಮ್ಮಾ.’

ಅಜ್ಜಿ ಆಗಲೇ ಬರೆದುಕೊಂಡಾಗಿತ್ತು.

ಮೇಲೆ ಬಂದು ಅರ್ಧ ಗಂಟೆ ಸುಮ್ಮನೆ ಕುಳಿತೆ. ಕನ್ನಡಿಯ ಮುಂದೆ ಎರಡು ಪಿನ್ನು ತುಟಿಯ ನಡುವೆ ಇಟ್ಟುಕೊಂಡು ನೋಡಿದೆ. ತುಕ್ಕಿನ ರುಚಿ. ಛೀ, ಎಂಥ ಹುಚ್ಚು.


ಮೇ ೧೪, ಬುಧವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಆಸ್ಪತ್ರೆಯ ನರ್ಸೊಬ್ಬಳು ಕೋಟಿನ ಅಳತೆಗೆ ಬಂದಿದ್ದಳು. ಇನ್ನೂ ನಾಲ್ಕು ಜನ ಬೆಂಚಿನ ಮೇಲೆ. ಸಾಸಿವೆ ಈಗ ಮೇಜಿನ ಕೆಳಗಲ್ಲ, ಸ್ಟೂಲಿನ ಮೇಲೆ ನಿಲ್ಲುತ್ತಾಳೆ. ಒಂದು ಕೈ ಚಿಕ್ಕಮ್ಮನ ಹೆಗಲ ಮೇಲೆ. ಆ ಕೈ ನೋಡಿದೆ. ಬಾಯಿ ತಡೆಯಲಿಲ್ಲ.

‘ಪಿನ್ನು ಬಾಯಲ್ಲಿಡೋದು ಎಷ್ಟು ಅಪಾಯ ಗೊತ್ತಾ? ಮಗು ನೋಡಿ ಕಲಿಯುತ್ತೆ. ಸ್ವಲ್ಪನಾದ್ರೂ ತಿಳುವಳಿಕೆ ಬೇಡ್ವಾ?’

ಎಲ್ಲರ ಎದುರಿಗೇ ಅಂದೆ. ತಂಗಿ ತಲೆಯೆತ್ತಲಿಲ್ಲ. ನರ್ಸಿನ ಸೊಂಟಕ್ಕೆ ಟೇಪು ಸುತ್ತುತ್ತ ಪಿನ್ನುಗಳ ನಡುವೆ ಏನೋ ಗೊಣಗಿದಳು. ನನಗೆ ತಿಳಿಯಲಿಲ್ಲ, ಯಾರಿಗೂ ತಿಳಿಯಲಿಲ್ಲ. ತಿಳಿಯುವುದು ಒಬ್ಬಳಿಗೇ. ಅವಳು ಕೆಲಸದ ನಿಯಮದಂತೆ ಅಜ್ಜಿಯ ಕಡೆ ತಿರುಗಿ, ಅಂಗಡಿಯಾಚೆಯ ಬೀದಿಗೂ ಕೇಳುವಂತೆ:

‘ಅಮ್ಮಂಗೆ ಹೊಟ್ಟೆಕಿಚ್ಚಂತೆ!’

ಅಜ್ಜಿ ಪೆನ್ಸಿಲ್ ನಾಲಿಗೆಗೆ ತಾಗಿಸಿ, ‘ಹೊಟ್ಟೆ ಎಷ್ಟು ಇಂಚು?’

ನರ್ಸು ನಕ್ಕ ನಗೆಗೆ ಚುಚ್ಚಿದ್ದ ಪಿನ್ನುಗಳು ಉದುರಿದವು. ಬೆಂಚೇ ನಕ್ಕಿತು. ತಂಗಿ ಮಾತ್ರ ನಗಲಿಲ್ಲ, ಅವಳ ಮುಖ ಕೆಂಪಾಗಿತ್ತು. ನಾನು ಸಾಸಿವೆಯ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಅವಳಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯಲಿಲ್ಲ. ಅಳತೆ ಸರಿಯಾಗಿಯೇ ಹೇಳಿದ್ದಳಲ್ಲ.

ಹೊಟ್ಟೆಕಿಚ್ಚು! ನನಗೆ! ಎಂ.ಎ., ಸ್ವಂತ ಫ್ಲ್ಯಾಟು, ಗಂಡ, ಮಗು. ಸೂಜಿ ಹಿಡಿದು ಬೆರಳು ತೂತು ಮಾಡಿಕೊಂಡವಳ ಮೇಲೆ ನನಗೇಕೆ ಹೊಟ್ಟೆಕಿಚ್ಚು?


ಮೇ ೧೫, ಗುರುವಾರ

ಸಾಸಿವೆಗೆ ಹೇಳಿದೆ, ಇನ್ನು ಅಂಗಡಿಗೆ ಹೋಗುವುದು ಬೇಡ. ಧೂಳು, ಸೂಜಿ, ಕತ್ತರಿ. ಇಬ್ಬರೇ ಕೆರೆಯ ಪಕ್ಕದ ಪಾರ್ಕಿಗೆ ಹೋದೆವು. ಬೆಂಚಿನ ಮೇಲೆ ಅವಳಿಗಿಷ್ಟವಾದ ಮಕ್ಕಳ ಪದ್ಯ ಓದಿದೆ. ಪ್ರಾಸ ಬರುವಲ್ಲಿ ನಾನು ನಿಲ್ಲಿಸುವುದು, ಅವಳು ಕಿವಿಯಲ್ಲಿ ತುಂಬುವುದು, ಅದು ನಮ್ಮಿಬ್ಬರ ಆಟ.

ನಿಲ್ಲಿಸಿದೆ. ಕಾದೆ. ಕೊನೆಗೆ ನಾನೇ ತುಂಬಿದೆ.


ಮೇ ೧೬, ಶುಕ್ರವಾರ

ನನ್ನ ಜೊತೆ: ಸೊನ್ನೆ.


ಮೇ ೧೭, ಶನಿವಾರ

ಸೊನ್ನೆ.

ಹಸಿವಾ ಎಂದರೆ ತಲೆ ಆಡಿಸುತ್ತಾಳೆ. ಕೋಪವೂ ಇಲ್ಲ, ಹಟವೂ ಇಲ್ಲ. ಶಾಲೆಯಲ್ಲಿ ಮಿಸ್‌ಗಳು ಕಾಣುತ್ತಿದ್ದ ಮಗು ಇದೇ ಇರಬೇಕು. ಇವತ್ತು ಮೊದಲ ಸಲ ನಾನು ಬಾಗಿಲಾಚೆ ನಿಂತಿದ್ದೇನೆ.

ಕೆಳಗೆ ಅಜ್ಜಿ ‘ಹಾಂ? ಎಷ್ಟು?’ ಎನ್ನುವುದು ಕೇಳುತ್ತಿರುತ್ತದೆ. ಆಗೆಲ್ಲ ಸಾಸಿವೆಯ ತುಟಿ ಸ್ವಲ್ಪ ಅಲುಗುತ್ತದೆ.


ಮೇ ೧೮, ಭಾನುವಾರ

ಅಂಗಡಿಗೆ ರಜೆ. ತಂಗಿ ಇಸ್ತ್ರಿ ಮಾಡುತ್ತಿದ್ದಳು. ನಾಲ್ಕು ದಿನದಿಂದ ಊಟಕ್ಕೆ ಬಾ, ಬಂದೆ ಅಷ್ಟೇ ಮಾತು. ನಾನು ಹೋಗಿ ಪಕ್ಕದಲ್ಲಿ ನಿಂತು ಮಡಿಸತೊಡಗಿದೆ.

‘ಮಾತು ಬಿಟ್ಟಿದ್ದಾಳೆ’ ಎಂದೆ. ‘ನನ್ನ ಹತ್ರನೂ.’

‘ಗೊತ್ತು.’

‘ಎಲ್ಲಾ ನಿನ್ನಿಂದ ಅಂತ ಅನ್ಕೊಂಡಿದ್ದೆ.’

‘ಅದೂ ಗೊತ್ತು.’ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು. ‘ಅಕ್ಕಾ, ನೀನೂ ಏಳು ವರ್ಷದ ತನಕ ಹೀಗೇ ಇದ್ದೆ ಅಂತ ನೆನಪಿದ್ಯಾ?’

‘ಹೀಗೇ ಅಂದ್ರೆ?’

‘ಹೀಗೇ ಅಂದ್ರೆ ಹೀಗೇ. ಯಾರ ಹತ್ರನೂ ತುಟಿ ಬಿಚ್ತಿರ್ಲಿಲ್ಲ, ನನ್ನ ಹತ್ರ ಬಿಟ್ಟು. ಆಗ ಯಾವ ಡಾಕ್ಟರು? ನಿನ್ನ ಮಾತೆಲ್ಲ ನಾನೇ ಆಡ್ತಿದ್ದೆ. ನಂಗಿನ್ನೂ ಸರಿಯಾಗಿ ನಾಲಿಗೆ ತಿರುಗ್ತಿರ್ಲಿಲ್ಲ. ಅಕ್ಕಂಗೆ ನೀರು ಬೇಕಂತೆ. ಅಕ್ಕಂಗೆ ಆ ರಿಬ್ಬನ್ ಬೇಡ್ವಂತೆ. ಅಕ್ಕಂಗೆ ಹೊಟ್ಟೆನೋವಂತೆ, ಶಾಲೆಗೆ ಹೋಗಲ್ವಂತೆ. ಅಮ್ಮ ನನ್ನ ಏನಂತಿದ್ರು ಗೊತ್ತಾ? ಅಂತೆಮ್ಮ ಅಂತ.’

ಅಂತೆಮ್ಮ. ಆ ಅಡ್ಡಹೆಸರು ನೆನಪಿತ್ತು. ಏಕೆ ಬಂತೆಂದು ನಾನು ಯಾವತ್ತೂ ಕೇಳಿರಲಿಲ್ಲ.

‘ಆಮೇಲೆ?’

‘ಆಮೇಲೇನು, ಪದ್ಯ ಹೇಳ್ಕೊಡೋ ಮೇಷ್ಟ್ರು ಬಂದ್ರಲ್ಲ. ಒಂದಿನ ಕ್ಲಾಸಲ್ಲಿ ಎದ್ದು ನಿಂತು ಇಡೀ ಪದ್ಯ ಹೇಳ್ಬಿಟ್ಟೆಯಂತೆ. ಅಪ್ಪ ಬೀದಿಯೋರನ್ನೆಲ್ಲ ಕರೆದು ಹೇಳಿದ್ರು. ನಾನು ಎರಡು ದಿನ ಊಟ ಬಿಟ್ಟೆ.’

‘ಯಾಕೆ?’

‘ಯಾಕಂತೆ! ಮೂರು ವರ್ಷದಿಂದ ನಿನ್ನ ಮಾತು ಹೊತ್ತುಕೊಂಡು ಓಡಾಡ್ತಿದ್ದೋಳು ನಾನು. ಅದ್ಯಾವನೋ ಮೇಷ್ಟ್ರಿಗೆ ಕೊಟ್ಬಿಟ್ಯಲ್ಲ.’ ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ‘ಅವತ್ತು ಪಿನ್ನು ಬಾಯಲ್ಲಿದ್ದಾಗ ನಾನಂದದ್ದು ಅದೇ. ಅಕ್ಕಂಗೂ ಹೊಟ್ಟೆಕಿಚ್ಚು ಅಂತ. ಆ ಪುಟಾಣಿ ‘ಊ’ ಬಿಟ್ಬಿಟ್ಲು.’

ನಾನು ಮಡಿಸಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದೆ.

‘ಸಾಸಿವೆ ಅಂತ ಹೆಸರಿಟ್ಟು, ಮುಚ್ಚಳ ಒತ್ತಿ ಹಿಡ್ಕೊಂಡ್ರೆ ಹೇಗೆ ಅಕ್ಕಾ?’ ಎಂದಳು. ಚುಚ್ಚುಮಾತೇ. ಆದರೂ ನಗು ಬಂತು.


ಮೇ ೨೦, ಮಂಗಳವಾರ

ನಿನ್ನೆ ಬೆಳಿಗ್ಗೆ ಸಾಸಿವೆಯನ್ನು ಅಂಗಡಿಯ ಬಾಗಿಲಿಗೆ ಬಿಟ್ಟು ಮೇಲೆ ಬಂದೆ. ಮೆಟ್ಟಿಲ ಮೇಲೆ ನಿಲ್ಲಲಿಲ್ಲ. ಪುಸ್ತಕ ತೆಗೆದೆ, ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ. ಇಡೀ ದಿನ ಅವಳ ದನಿ ಕೇಳಲಿಲ್ಲ. ಮೇಜಿನ ಕೆಳಗೇ ಇದ್ದಳಂತೆ.

ಇವತ್ತು ಅಜ್ಜಿಗೆ ಮೈ ಸರಿಯಿಲ್ಲ. ಅಳತೆ ಪುಸ್ತಕ ಬರೆಯಲು ತಂಗಿ ನನ್ನನ್ನೇ ಕರೆದಳು. ಸಾಸಿವೆ ಕೂತಿದ್ದ ಮೇಜಿನ ಕಡೆ ಬೆನ್ನು ಮಾಡಿ ಕುಳಿತೆ. ತಂಗಿ ಗೊಣಗಿದಾಗೆಲ್ಲ, ತಿಳಿದರೂ, ‘ಹಾಂ? ಎಷ್ಟು?’ ಎಂದೆ. ಉತ್ತರವಿಲ್ಲ. ಮತ್ತೆ ‘ಹಾಂ?’ ತಂಗಿಯೇ ಪಿನ್ನು ತೆಗೆದು ಹೇಳಬೇಕಾಯಿತು.

ಹನ್ನೊಂದರ ಹೊತ್ತಿಗೆ ಒಬ್ಬ ಪುಟ್ಟ ಹುಡುಗಿ ಬಂದಳು, ಮುಂದಿನ ಎರಡು ಹಲ್ಲಿಲ್ಲ. ಟೇಪು ಕಂಡದ್ದೇ ಕೈಗಳನ್ನು ಮೈಗೆ ಅಂಟಿಸಿಕೊಂಡು ಕಟ್ಟಿಗೆಯಾದಳು. ಅವಳಮ್ಮ ಗದರಿಸಿದಳು. ಅಳು ಶುರುವಾಗುವುದರಲ್ಲಿತ್ತು.

‘ಕೈ ಎತ್ತು.’

ಹಾಗೆ ಹೇಳು ಎಂದು ಯಾರೂ ಹೇಳಿರಲಿಲ್ಲ. ತಂಗಿ ಕೆಳಗೆ ಬಗ್ಗಿ ಲಂಗದ ಅಂಚು ಹಿಡಿದಿದ್ದಳು. ನಾನು ತಿರುಗಲಿಲ್ಲ.

‘ಇನ್ನೂ ಮೇಲೆ. ಚುಚ್ಚಲ್ಲ. ಪಿನ್ನು ಚಿಕ್ಕಮ್ಮನ ಬಾಯಲ್ಲಿದೆ, ನಿನ್ನ ಹತ್ರ ಬರಲ್ಲ. ಉಸಿರು ಬಿಡು. ನೋಡು, ಹೀಗೆ.’

ಅಂತೆ ಇರಲಿಲ್ಲ. ಒಂದು ಕಡೆಯೂ ಇರಲಿಲ್ಲ.

ಪುಸ್ತಕದಲ್ಲಿ ಆ ಹುಡುಗಿಯ ಎದೆಯಳತೆಯ ಜಾಗದಲ್ಲಿ ಉದ್ದ ಬರೆದುಬಿಟ್ಟೆ. ಇಪ್ಪತ್ತು ವರ್ಷ ಬೇರೆಯವರ ತಪ್ಪು ತಿದ್ದಿದವಳು ನಾನು. ಆ ಹಲ್ಲಿಲ್ಲದವಳು ಹೋಗುವಾಗ ಸಾಸಿವೆಯ ಕಡೆ ನೋಡಿ ನಕ್ಕಳು. ಎಷ್ಟು ಅದೃಷ್ಟ ಆ ಹುಡುಗಿಯದು. ಅವಳಿಗೆ ತಾನೇನು ಪಡೆದೆ ಎಂಬುದೇ ಗೊತ್ತಿಲ್ಲ.

ರಾತ್ರಿ ಸಾಸಿವೆ ನನ್ನ ಪಕ್ಕ ಮಲಗಿ, ಕಿವಿಗೆ ಬಾಯಿಡದೆ, ಎಲ್ಲರೂ ಆಡುವಷ್ಟೇ ಗಟ್ಟಿಯಾಗಿ ಕೇಳಿದಳು: ‘ಅಮ್ಮಾ, ನಿಂಗೆ ಕಿವಿ ಕೇಳಲ್ವಾ ಈಗ?’

‘ಸ್ವಲ್ಪ ಕಡಿಮೆಯಾಗಿದೆ ಮರಿ’ ಎಂದೆ.


ಮೇ ೨೬, ಸೋಮವಾರ

ಮತ್ತೆ ಹನ್ನೊಂದನೇ ಮಹಡಿ. ಬೆಳಿಗ್ಗೆ ಎದ್ದಾಗ ಏನೂ ಕೇಳಲಿಲ್ಲ; ಒಂದು ಕ್ಷಣ ಕಿವಿ ನಿಜಕ್ಕೂ ಹೋಯಿತೆಂದುಕೊಂಡೆ. ನಮ್ಮೂರಿನಲ್ಲಿ ಇಷ್ಟು ಹೊತ್ತಿಗೆ ಎದುರಂಗಡಿಯವರು ಬಾಗಿಲೆತ್ತಿ ನಾಲ್ಕು ಜನರನ್ನು ವಿಚಾರಿಸಿಯಾಗಿರುತ್ತದೆ.

ಲಿಫ್ಟಿನಲ್ಲಿ ಒಂಬತ್ತನೇ ಮಹಡಿಯ ಹೆಂಗಸನ್ನು ‘ಊರಿಗೆ ಹೋಗಿದ್ರಾ ರಜದಲ್ಲಿ?’ ಎಂದು ಕೇಳಿದೆ. ಏಕೆ ಕೇಳಿದೆನೋ. ಆಕೆ ಬೆಚ್ಚಿದಳು. ಆಮೇಲೆ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ಎರಡು ಸಲ ಮುಚ್ಚಿ ತೆರೆಯುವವರೆಗೂ ತನ್ನ ಅತ್ತೆಯ ಮಂಡಿನೋವಿನ ಬಗ್ಗೆ ಹೇಳಿದಳು.

ಆಕೆ ಸಾಸಿವೆಯನ್ನು ‘ಯಾವ ಕ್ಲಾಸು?’ ಎಂದು ಕೇಳಿದಳು. ನನ್ನ ಬಾಯಿ ತೆರೆದೇ ಇತ್ತು. ಮುಚ್ಚಿದೆ. ಸಾಸಿವೆ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ. ಕಷ್ಟವಾಯಿತು.


ಜೂನ್ ೨, ಸೋಮವಾರ

ಶಾಲೆ ತೆರೆಯಿತು. ಸದ್ಯಕ್ಕೆ ಮುಂದಿನ ಕ್ಲಾಸಿನಲ್ಲಿ ಕೂರಿಸಿ ನೋಡುತ್ತೇವೆ ಎಂದಿದ್ದರು ಹೆಡ್‌ಮಿಸ್. ಆಫೀಸಿನಲ್ಲಿ ಒಂದು ಪುಟವೂ ತಿದ್ದಲಾಗಲಿಲ್ಲ. ಮೂರಕ್ಕೇ ಹೊರಟು ಗೇಟಿನಲ್ಲಿ ನಿಂತೆ.

ಕ್ಲಾಸ್ ಮಿಸ್ ತಾವಾಗಿ ಹತ್ತಿರ ಬಂದರು. ಹೊಸಬರು, ಚಿಕ್ಕ ವಯಸ್ಸು, ನೆಗಡಿಯಿಂದ ಗಂಟಲು ಕಟ್ಟಿತ್ತು. ‘ಮೇಡಂ, ಹೆಡ್‌ಮಿಸ್ ನಂಗೆ ಎಲ್ಲಾ ಹೇಳಿದ್ರು. ಆದ್ರೆ ಅವಳು ಮಾತಾಡಿದ್ಲಲ್ಲ! ಬೆಳಿಗ್ಗೆ ಒಂದ್ಸಲ, ಊಟ ಆದ್ಮೇಲೆ ಇನ್ನೊಂದ್ಸಲ. ನನ್ನ ಕ್ಲಾಸಲ್ಲೇ ಇರ್ಲಿ ಅಂತ ಅವ್ರಿಗೆ ಹೇಳಿಬಂದಿದ್ದೀನಿ.’

‘ಏನಂದ್ಲು?’

ಅಷ್ಟರಲ್ಲಿ ಯಾರೋ ಅವರನ್ನು ಕರೆದರು, ಓಡಿಹೋದರು.

ದಾರಿಯಲ್ಲಿ ಕೇಳಿದೆ. ಆದಷ್ಟು ಹಗುರವಾಗಿ, ಬೇರೆಲ್ಲೋ ನೋಡುತ್ತ. ‘ಮಿಸ್ ಹತ್ರ ಏನಂದೆ ಮರಿ?’

ಸಾಸಿವೆ ಯೋಚಿಸಿದಳು. ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು.

‘ಅದು ಮಿಸ್‌ಗೆ ಹೇಳಿದ್ದು’ ಎಂದಳು.

ಮತ್ತೆ ಕೇಳಲಿಲ್ಲ. ಮನೆಯವರೆಗೂ ತುಟಿ ಕಚ್ಚಿಕೊಂಡೇ ಬಂದೆ.

ಬಂದವಳೇ ತಂಗಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ ಕಿರುಚಿದಳು. ಹಿಂದಿನಿಂದ ಅಜ್ಜಿ ‘ಹಾಂ? ಹಾಂ?’ ಎನ್ನುತ್ತಿದ್ದಳು. ಆಮೇಲೆ ತಂಗಿ ಕೇಳಿದಳು:

‘ಏನಂದ್ಲಂತೆ?’

‘ಹೇಳಲ್ವಂತೆ.’

‘ನಿಂಗೂ?’

‘ನಂಗೂ.’

‘ಯಾವಳೇ ಆ ಮಿಸ್ಸು?’ ಎಂದಳು. ‘ನೋಡೋಕೆ ಹೇಗಿದ್ದಾಳೆ?’

ಹೇಳಿದೆ. ಸೀರೆಯ ಬಣ್ಣ ಹೇಳಿದೆ, ಒಂದು ದಿನಕ್ಕೇ ಆಕೆಗಿದ್ದ ಜಂಬ ಹೇಳಿದೆ, ಆ ಕಟ್ಟಿದ ಗಂಟಲಿನಲ್ಲಿ ಏನು ಪಾಠ ಮಾಡುತ್ತಾಳೋ ಎಂದೆ. ರವಿಕೆಯ ಭುಜ ಸರಿಯಾಗಿ ಕೂತಿರಲಿಕ್ಕಿಲ್ಲ ಎಂದಳು ತಂಗಿ. ಕೂತಿರಲೇ ಇಲ್ಲ ಎಂದೆ. ಮುಕ್ಕಾಲು ಗಂಟೆ ಮಾತಾಡಿದೆವು. ಇಷ್ಟು ವರ್ಷಗಳಲ್ಲಿ ಅವಳ ಜೊತೆ ಇಷ್ಟು ಹೊತ್ತು ಮಾತಾಡಿದ್ದು ನೆನಪಿಲ್ಲ.